ಆ ಬಿಳಿ ಚುಕ್ಕೆ ಎಷ್ಟು ದೂರದಲ್ಲಿತ್ತು?

ಪ್ರಶ್ನೆ: ನಮ್ಮದು ಮೂಡಿಗೆರೆ ಬಳಿ ಕಾಫಿ ತೋಟ. ಆನೆ ಬಂದರೆ ತಿಳಿಯಲೆಂದು, ಬಿಸಿಯನ್ನು ಚಿತ್ರವಾಗಿ ತೋರಿಸುವ ಥರ್ಮಲ್ ಕ್ಯಾಮೆರಾ ಕೊಂಡಿದ್ದೇವೆ. ಡಿಸೆಂಬರಿನಲ್ಲಿ ಒಂದು ಸಂಜೆ, ಕತ್ತಲಾದ ಮೇಲೆ ಕಣ ಕಾಯುತ್ತಿದ್ದಾಗ, ಬೆಟ್ಟದ ಮೇಲಿನ ಆಕಾಶದಲ್ಲಿ ಬಿಳಿ ಚುಕ್ಕೆಯೊಂದು ಸಾಗುವುದು ಅದರಲ್ಲಿ ಕಂಡಿತು. ಬರಿಗಣ್ಣಿಗೆ ಏನೂ ಇಲ್ಲ, ಸದ್ದೂ ಇಲ್ಲ. ಸುತ್ತ ಕಪ್ಪು ಉಂಗುರ, ತಾಪಮಾನ ಮೈನಸ್ 12 ಡಿಗ್ರಿ. ನಡುವೆ ಗಕ್ಕನೆ ನಿಂತು ಮುಂದಕ್ಕೆ ಜಿಗಿಯಿತು. ಹಾಸನದ ಉಪಗ್ರಹ ಕೇಂದ್ರದ್ದು ಎನ್ನುತ್ತಾರೆ ಪಕ್ಕದ ತೋಟದವರು, ಹಾರುವ ತಟ್ಟೆ ಎನ್ನುತ್ತಾನೆ ಮಗ. ವಿಡಿಯೊ ಕಳಿಸಿದ್ದೇನೆ. ಏನಿದು?

ಉತ್ತರ: ವಿಡಿಯೊವನ್ನು ಹಲವು ಬಾರಿ ನೋಡಿದೆ. ಮೊದಲು ಆ ಜಿಗಿತ. ಇಂಥ ಕ್ಯಾಮೆರಾದೊಳಗೆ ಪುಟ್ಟ ಮುಚ್ಚಳವೊಂದು ಆಗಾಗ ಮುಚ್ಚಿ ತೆರೆಯುತ್ತದೆ. ಸೆನ್ಸರ್ ತನ್ನ ಅಳತೆಯನ್ನು ಸರಿಪಡಿಸಿಕೊಳ್ಳುವುದು ಹಾಗೆ. ‘ಟಕ್’ ಎಂಬ ಸದ್ದಾಗಿ ಚಿತ್ರ ಅರೆಕ್ಷಣ ಸ್ತಬ್ಧವಾಗುತ್ತದೆ. ನೀವು ಕ್ಯಾಮೆರಾ ತಿರುಗಿಸುತ್ತಿದ್ದರೂ ಆ ಗಳಿಗೆಯಲ್ಲಿ ಬೆಟ್ಟದ ಅಂಚು ಕೂಡ ಅಲುಗದೆ ನಿಂತಿದೆ, ಗಮನಿಸಿ. ನಿಂತದ್ದು ಚಿತ್ರ, ಚುಕ್ಕೆಯಲ್ಲ. ಕಪ್ಪು ಉಂಗುರ ಅಂಚುಗಳನ್ನು ಚೂಪುಗೊಳಿಸುವ ತಂತ್ರಾಂಶದ ಕೆಲಸ.

ಮೈನಸ್ 12ನ್ನೂ ನಂಬಬೇಡಿ. ಮೋಡವಿಲ್ಲದ ಆಕಾಶ ಈ ಕ್ಯಾಮೆರಾಕ್ಕೆ ಅದಕ್ಕಿಂತಲೂ ಬಹಳ ತಣ್ಣಗೆ ಕಾಣುತ್ತದೆ. ವಸ್ತು ಚಿತ್ರದ ಒಂದು ಬಿಂದುವಿನಷ್ಟೂ (ಪಿಕ್ಸೆಲ್‌ನಷ್ಟೂ) ಇಲ್ಲದಿದ್ದರೆ ಅದರ ಬಿಸಿಯೂ ಆಕಾಶದ ತಣುಪೂ ಬೆರೆತ ಸರಾಸರಿಯೇ ಪರದೆಯ ಮೇಲೆ ಬರುತ್ತದೆ.

ನಿಜವಾದ ತೊಡಕು ದೂರದ್ದು. ಥರ್ಮಲ್ ಚಿತ್ರ ದೂರವನ್ನು ಹೇಳುವುದಿಲ್ಲ. ದೂರ ತಿಳಿಯದೆ ಗಾತ್ರವೂ ಇಲ್ಲ, ವೇಗವೂ ಇಲ್ಲ. ಪಳಗಿದವರೂ ಇಲ್ಲಿ ಎಡವಿದ್ದಾರೆ. 2014ರಲ್ಲಿ ಚಿಲಿಯ ನೌಕಾಪಡೆಯ ಹೆಲಿಕಾಪ್ಟರಿನಿಂದ ಇಂಥದೇ ವಸ್ತುವೊಂದನ್ನು ಚಿತ್ರೀಕರಿಸಿದ್ದರು. ಎರಡು ವರ್ಷ ತನಿಖೆ ನಡೆದರೂ ಒಗಟು ಬಿಡಿಸಲಾಗಲಿಲ್ಲ. 2017ರಲ್ಲಿ ವಿಡಿಯೊ ಬಹಿರಂಗವಾದ ಮೇಲೆ ಆಸಕ್ತರು ಹಾರಾಟದ ದಾಖಲೆಗಳೊಂದಿಗೆ ತಾಳೆ ನೋಡಿದರು: ಸ್ಯಾಂಟಿಯಾಗೋದಿಂದ ಮೇಲೇರುತ್ತಿದ್ದ ಪ್ರಯಾಣಿಕ ವಿಮಾನ ಅದಕ್ಕೆ ಹೊಂದಿತು. ಅಂದಾಜಿಸಿದ್ದಕ್ಕಿಂತ ಅದು ದೂರದಲ್ಲಿತ್ತು.

ಅಮೆರಿಕದ ನೌಕಾಪಡೆಯ ವಿಮಾನದಿಂದ 2015ರಲ್ಲಿ ತೆಗೆದ ‘ಗೋಫಾಸ್ಟ್’ ವಿಡಿಯೊವನ್ನು ನಿಮ್ಮ ಮಗ ನೋಡಿರಬಹುದು. ವಸ್ತು ಕಡಲನ್ನು ಸವರಿಕೊಂಡು ಧಾವಿಸುವಂತೆ ಕಾಣುತ್ತದೆ. 2023ರ ನಾಸಾ ಸಮಿತಿಯ ಲೆಕ್ಕದಲ್ಲಿ ಅದು ಸುಮಾರು 4 ಕಿಲೋಮೀಟರ್ ಎತ್ತರದಲ್ಲಿತ್ತು, ವೇಗ ಗಂಟೆಗೆ ಸುಮಾರು 64 ಕಿಲೋಮೀಟರ್ ಮಾತ್ರ. ಓಡುತ್ತಿದ್ದದ್ದು ಚಿತ್ರ ತೆಗೆದ ವಿಮಾನ. ಬಸ್ಸಿನ ಕಿಟಕಿಯಾಚೆ ಸಿಲ್ವರ್ ಓಕ್ ಮರಗಳು ಹಿಂದಕ್ಕೆ ಓಡುವುದಿಲ್ಲವೇ, ಹಾಗೆ.

ಇನ್ನು ನಿಮ್ಮ ಚುಕ್ಕೆ. ನಿಮ್ಮ ಕ್ಯಾಮೆರಾದಲ್ಲಿ 25 ಡಿಗ್ರಿ ಅಗಲದ ನೋಟ 256 ಬಿಂದುಗಳಲ್ಲಿ ಹಂಚಿಹೋಗಿದೆ. ಅರ್ಧ ಕಿಲೋಮೀಟರ್ ಆಚೆ ಒಂದು ಬಿಂದುವೆಂದರೆ ಹೆಚ್ಚುಕಡಿಮೆ 85 ಸೆಂಟಿಮೀಟರ್. ದೊಡ್ಡ ಹಣ್ಣುಬಾವಲಿ ರೆಕ್ಕೆ ಬಿಚ್ಚಿದರೆ ಒಂದು ಮೀಟರಿಗೂ ಹೆಚ್ಚು. ಅಷ್ಟು ದೂರದಲ್ಲಿ ಅದು ಒಂದೆರಡು ಬಿಂದು, ರೆಕ್ಕೆಯ ಆಕಾರ ಕಾಣುವುದೇ ಇಲ್ಲ. ವಿಮಾನವಾಗಿದ್ದರೆ ದೀಪಗಳು ಬರಿಗಣ್ಣಿಗೆ ಕಾಣಬೇಕಿತ್ತು. ವಿಡಿಯೊವನ್ನು ನಿಧಾನಗೊಳಿಸಿದರೆ ಚುಕ್ಕೆಯ ಹೊಳಪು ಒಂದೇ ಲಯದಲ್ಲಿ ಏರಿಳಿಯುತ್ತದೆ, ಅದು ರೆಕ್ಕೆಬಡಿತ. ಬಾವಲಿ ಎಂದೇ ನನ್ನ ನಿರ್ಣಯ, ಹಕ್ಕಿಯಾಗಿರುವ ಸಾಧ್ಯತೆ ಸ್ವಲ್ಪ ಉಳಿದಿದೆ.

ಇಸ್ರೋದ ಹಾಸನ ಕೇಂದ್ರ ನಿಯಂತ್ರಿಸುವ ಉಪಗ್ರಹಗಳಿರುವುದು ಸುಮಾರು 36,000 ಕಿಲೋಮೀಟರ್ ಮೇಲೆ. ಅವನ್ನು ಹಿಡಿಯುವ ಶಕ್ತಿ ಈ ಕ್ಯಾಮೆರಾಕ್ಕಿಲ್ಲ.

ಮತ್ತೆ ಕಂಡರೆ ಕ್ಯಾಮೆರಾವನ್ನು ಕಂಬಕ್ಕೆ ಒರಗಿಸಿ, ಬೆಟ್ಟದ ಅಂಚು ಚೌಕಟ್ಟಿನೊಳಗಿರಲಿ, ಸಮಯ ಬರೆದಿಡಿ. ಪಕ್ಕದ ತೋಟದವರ ಬಳಿಯೂ ಇಂಥ ಕ್ಯಾಮೆರಾ ಇದ್ದರೆ ಫೋನ್ ಮಾಡಿ, ಅವರೂ ಅದೇ ಹೊತ್ತಿಗೆ ಚಿತ್ರ ತೆಗೆಯಲಿ. ಎರಡು ತೋಟಗಳಿಂದ ಎರಡು ದಿಕ್ಕು ಸಿಕ್ಕರೆ ಕಾಗದದ ಮೇಲೆ ತ್ರಿಕೋನ ಎಳೆದು ದೂರ ಹೇಳಬಹುದು. ವಾಟ್ಸ್‌ಆ್ಯಪಿನಲ್ಲಿ ಕುಗ್ಗಿದ ಪ್ರತಿಯ ಬದಲು ಮೂಲ ಫೈಲನ್ನೇ ಕಳಿಸಿ.