ಸಂಪಾದಕರ ಉತ್ತರ: ‘ನನ್ನೊಬ್ಬನಿಂದ ಏನು ನಷ್ಟ?’

ಮುಂಬಯಿ ಬಳಿಯ ಡೊಂಬಿವಲಿಯ ಹಿರಿಯ ಓದುಗರೊಬ್ಬರು ಬರೆದಿದ್ದಾರೆ: ‘ನಮ್ಮ ಕಡೆ ಕನ್ನಡ ಸಿನಿಮಾ ಬಂದರೂ ಒಂದೇ ಆಟ, ಅದೂ ಬೆಳಿಗ್ಗೆ. ಹೋಗಲಾಗದೆ, ಮೊಮ್ಮಗ ಫೋನಿನಲ್ಲಿ ಇಳಿಸಿಕೊಟ್ಟದ್ದನ್ನು ನೋಡಿದೆ. ಕೋಟಿ ಸುರಿಯುವವರಿಗೆ ನನ್ನೊಬ್ಬನಿಂದ ಏನು ನಷ್ಟ?’

ಹಿರಿಯರೇ, ಮುಚ್ಚಿಡದೆ ಬರೆದಿದ್ದೀರಿ, ಸಂತೋಷ. ಲೆಕ್ಕವನ್ನು ಮಾತ್ರ ಒಪ್ಪಲಾರೆ.

ಥಿಯೇಟರಿನಲ್ಲಿ ಕದ್ದು ಚಿತ್ರೀಕರಿಸಿದ ಅಂಥದೊಂದು ಪೈರಸಿ ಪ್ರಿಂಟನ್ನು ಲೋಕಲ್ ರೈಲಿನಲ್ಲಿ ಪಕ್ಕದವರ ಫೋನಿನಲ್ಲಿ ಕಂಡೆ. ಚಿತ್ರ ವಾಲಿತ್ತು. ನಾಯಕಿ ಅಳುತ್ತಿರುವಾಗ ಯಾರದೋ ತಲೆ ಅಡ್ಡ ಹಾಯ್ದು ಹೋಯಿತು. ಮೂಲೆಯಲ್ಲಿ ಬೆಟ್ಟಿಂಗ್ ಆ್ಯಪ್ ಒಂದರ ಹೆಸರು ಕೊನೆಯತನಕ ಮಿನುಗುತ್ತಿತ್ತು. ದಂಧೆಗೆ ಅನ್ನ ಹಾಕುವುದು ಆ ಹೆಸರೇ. ಇಂಥ ಪ್ರಿಂಟು ಹಂಚುವ ಸೈಟುಗಳಲ್ಲಿ ಬಹುಪಾಲು ಇರುವುದು ಬರೀ ಲಿಂಕು. ಫೈಲು ಇನ್ನೆಲ್ಲೋ ಇರುತ್ತದೆ. ‘ಡೌನ್‌ಲೋಡ್’ ಒತ್ತಿದಾಗಲೆಲ್ಲ ಏನೇನೋ ಜಾಹೀರಾತು ತೆರೆದುಕೊಳ್ಳುತ್ತದಲ್ಲ, ಅದರಿಂದಲೂ ಅವರಿಗೆ ಕಾಸು. ನಿಮ್ಮ ಮೊಮ್ಮಗನ ಬೆರಳು ದುಡಿದದ್ದು ಅವರಿಗಾಗಿ.

ಒಂದು ವಿಳಾಸ ಮುಚ್ಚಿಸಿದರೆ ಅದೇ ಹೆಸರು ಬೇರೆ ಬಾಲ ಅಂಟಿಸಿಕೊಂಡು ಮರುದಿನ ಹಾಜರ್. ಹಾಗೆಂದೇ ದೆಹಲಿ ಹೈಕೋರ್ಟ್ 2019ರಲ್ಲಿ, ಪ್ರತಿ ಸಲ ಹೊಸ ದಾವೆ ಹೂಡದೆಯೇ ಇಂಥ ನಕಲಿ ವಿಳಾಸಗಳನ್ನೂ ತಡೆಯುವ ದಾರಿ ಮಾಡಿಕೊಟ್ಟಿತು. 2023ರ ಸಿನಿಮಾಟೋಗ್ರಾಫ್ ತಿದ್ದುಪಡಿಯಂತೆ ಥಿಯೇಟರಿನಲ್ಲಿ ಕದ್ದು ಚಿತ್ರೀಕರಿಸಿದವರಿಗೆ ಕನಿಷ್ಠ 3 ತಿಂಗಳು, ಗರಿಷ್ಠ 3 ವರ್ಷ ಜೈಲು. ದಂಡ 3 ಲಕ್ಷ ರೂಪಾಯಿಯಿಂದ ಚಿತ್ರದ ನಿರ್ಮಾಣ ವೆಚ್ಚದ ಶೇ. 5ರವರೆಗೆ. ಪರದೆಯ ಚಿತ್ರದಲ್ಲೇ ಕಣ್ಣಿಗೆ ಕಾಣದ ಗುರುತು ಹುದುಗಿರುತ್ತದೆ. ಯಾವ ಥಿಯೇಟರು, ಯಾವ ಆಟ ಎಂಬುದನ್ನು ಅದರಿಂದ ಪತ್ತೆ ಹಚ್ಚಬಹುದು.

ಇಷ್ಟಾದರೂ ನನಗೆ ನೋವು ಇರುವುದು ಬೇರೆ ಕಡೆ. ದೊಡ್ಡ ಚಿತ್ರ ಪೆಟ್ಟು ತಿಂದರೂ ಹೇಗೋ ಎದ್ದು ನಿಂತೀತು. ಮುಂಬಯಿಗೆ ಸಣ್ಣ ಕನ್ನಡ ಚಿತ್ರ ತರುವ ವಿತರಕರಿಗೆ ಸಿಗುವುದು ಆ ಒಂದೇ ಆಟ. ಶುಕ್ರವಾರದಿಂದ ಭಾನುವಾರದವರೆಗೆ ಸೀಟು ಖಾಲಿ ಹೊಡೆದರೆ ಸೋಮವಾರ ಆ ಆಟ ಇನ್ನೊಂದು ಭಾಷೆಯ ಪಾಲು. ಮೂವತ್ತು ಜನ ಕೂತ ಆಟಕ್ಕೆ ನಿಮ್ಮ ಮನೆಯ ನಾಲ್ವರು ಸೇರಿದ್ದರೆ? ‘ನನ್ನೊಬ್ಬನಿಂದ’ ಎನ್ನುವ ಮಾತು ಬೆಂಗಳೂರಿನಲ್ಲಿ ನಡೆದೀತು, ಇಲ್ಲಿ ನಡೆಯದು.

ಬೆಳಗಿನ ಆಟ ಕಷ್ಟವೆಂಬ ನಿಮ್ಮ ದೂರು ನ್ಯಾಯವಾದದ್ದೇ. ನಿಮ್ಮ ಕಡೆಯ ಕನ್ನಡಿಗರ ಐವತ್ತು ಹೆಸರು ಬರೆದುಕೊಂಡು ಥಿಯೇಟರಿನ ಮ್ಯಾನೇಜರರನ್ನು ಕಾಣಿ. ಭಾನುವಾರ ಸಂಜೆಯ ಆಟ ಕೇಳಿ. ಪಟ್ಟಿಯಲ್ಲಿ ನನ್ನ ಹೆಸರೂ ಇರಲಿ. ಮಾಟುಂಗದಿಂದ ಸ್ಲೋ ಲೋಕಲ್ ಹಿಡಿದು ಬರುತ್ತೇನೆ, ಮೊಮ್ಮಗನನ್ನೂ ಕರೆತನ್ನಿ.

— ಸಂ.