ಕ್ರಾಂತಿ ಆಗಲಿಲ್ಲ, ಹಾಗಾಗಿ ಮಾರ್ಕ್ಸ್ ಹಳತಾದ ಅಂತ ಬರೆದು ನೀವು ಕೇಳಿದ್ದೀರಿ: ಸಮಾಜಶಾಸ್ತ್ರಕ್ಕೆ ಅಡಿಪಾಯ ಹಾಕಿದ ಮಾರ್ಕ್ಸ್, ವೆಬರ್, ಡರ್ಖೈಮ್ ಬರೆದದ್ದು ಇವತ್ತಿನ ಆ್ಯಪ್ ಕಾಲದ ಬಂಡವಾಳಶಾಹಿಗೆ ಹೊಂದುತ್ತದೆಯೇ?

ಎಂ.ಎ. ಓದುವಾಗ ನಾನು ಇದನ್ನು ಕೇಳುವ ಗೋಜಿಗೂ ಹೋಗಿರಲಿಲ್ಲ. ಹೊಂದುವುದಿಲ್ಲ ಅಂತ ತೀರ್ಮಾನ ಮಾಡಿಬಿಟ್ಟಿದ್ದೆ. ನನ್ನ ಪ್ರಬಂಧ ಡೆಲಿವರಿ ಕೆಲಸಗಾರರ ಬಗ್ಗೆ. 1867ರಲ್ಲಿ ಬಂದ ಮಾರ್ಕ್ಸ್‌ರ 'ಬಂಡವಾಳ' ಪುಸ್ತಕದಲ್ಲಿ ಇವರ ವಿಷಯ ಏನಿರುತ್ತದೆ ಅಂದುಕೊಂಡು ಹಳಬರನ್ನು ಪೂರ್ತಿ ಬಿಟ್ಟು ಸರ್ವೆಗೆ ಹೊರಟೆ.

ಕೆಟ್ಟಿದ್ದು ಒಂದು ಪ್ರಶ್ನೆಯಿಂದ. 'ನಿಮ್ಮ ಮೇಲೆ ನಿಗಾ ಇಡುವ ಮೇಲಧಿಕಾರಿ ಇದ್ದಾರೆಯೇ?' ಅಂತ ಕೇಳಿದ್ದೆ. ಹೆಚ್ಚಿನವರು ಇಲ್ಲ ಅಂದರು. ಅದು ಸುಳ್ಳಲ್ಲ. ಬೇಕಾದಾಗ ಲಾಗಿನ್, ಬೇಡವಾದಾಗ ಲಾಗೌಟ್. ನಾನು ಅದನ್ನು 'ಸ್ವಾತಂತ್ರ್ಯ' ಅಂತ ಬರೆದುಕೊಂಡೆ. ಇಡೀ ಪ್ರಬಂಧವನ್ನು ಆ ಒಂದು 'ಇಲ್ಲ'ದ ಮೇಲೆ ಕಟ್ಟಿದೆ. ಒಂದು ಆರ್ಡರ್‌ಗೆ ಎಷ್ಟು ಕೊಡಬೇಕು ಅಂತ ಯಾರು ನಿರ್ಧರಿಸುತ್ತಾರೆ? ರೇಟ್ ಇಳಿಸಿದರೆ ನೀವೇನು ಮಾಡುತ್ತೀರಿ? ಇವನ್ನು ಕೇಳಲೇ ಇಲ್ಲ. ಕೆಲವರು ತಾವಾಗಿಯೇ ಹೇಳಿದ್ದರು, ರೇಟ್ ಇಳಿದರೆ ಇನ್ನಷ್ಟು ಹೊತ್ತು ಗಾಡಿ ಓಡಿಸುತ್ತೇವೆ ಅಂತ. ನನ್ನ ಫಾರ್ಮಿನಲ್ಲಿ ಅದಕ್ಕೆ ಜಾಗವಿರಲಿಲ್ಲ, ಹಾಗಾಗಿ ಬರೆದುಕೊಳ್ಳಲಿಲ್ಲ. ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಪರೀಕ್ಷಕರು ಮೊದಲು ಕೇಳಿದ್ದೇ ನಾನು ಕೇಳದೆ ಬಿಟ್ಟ ಆ ಪ್ರಶ್ನೆಗಳನ್ನು. ಪ್ರಬಂಧ ವಾಪಸ್ ಬಂತು. ಆ ವರ್ಷ ಹೋಯಿತು, ಪಿಎಚ್.ಡಿ. ಸೀಟೂ ಕೈತಪ್ಪಿತು.

ಆಮೇಲೆ 'ಬಂಡವಾಳ' ಮೊದಲ ಸಂಪುಟದಲ್ಲಿ ಪೀಸ್ ರೇಟ್ ಕೂಲಿಯ ಅಧ್ಯಾಯ ಓದಿದೆ. ಚಿಕ್ಕ ಅಧ್ಯಾಯ. ಮಾಡಿದ ಕೆಲಸದ ಲೆಕ್ಕಕ್ಕೆ ಕೂಲಿ ಕೊಟ್ಟರೆ ಕಾವಲಿಗೆ ಜನ ಅಷ್ಟಾಗಿ ಬೇಕಿಲ್ಲ, ಆ ಕೂಲಿಯ ರೀತಿಯೇ ಕಾವಲು ಕಾಯುತ್ತದೆ ಅನ್ನುತ್ತಾರೆ ಮಾರ್ಕ್ಸ್. ಕೆಲಸಗಾರ ತಾನಾಗಿಯೇ ವೇಗ ಹೆಚ್ಚಿಸುತ್ತಾನೆ, ದುಡಿಮೆಯ ಹೊತ್ತನ್ನೂ ಉದ್ದ ಮಾಡುತ್ತಾನೆ. ಸ್ವತಂತ್ರ ಅನ್ನುವ ಭಾವನೆ ಬೆಳೆಯುತ್ತದೆ, ಜೊತೆಗೇ ಪರಸ್ಪರ ಪೈಪೋಟಿಯೂ. ಎಲ್ಲರೂ ವೇಗವಾದ ಮೇಲೆ ಸರಾಸರಿ ಕೂಲಿ ಇಳಿಯುತ್ತದೆ. ನನ್ನ ಸರ್ವೆಯ ಜನ ಹೇಳಿದ್ದೂ ಇದನ್ನೇ ಅಲ್ವಾ?

'ಕ್ರಾಂತಿ ಆಗಲಿಲ್ಲ, ಹಾಗಾಗಿ ಮಾರ್ಕ್ಸ್ ಹಳತಾದ' ಅನ್ನುವ ನಿಮ್ಮ ಮಾತಿಗೆ ಬರುತ್ತೇನೆ. ಇದನ್ನು ನಾನು ಒಪ್ಪುವುದಿಲ್ಲ. ಹೇಳಿದ ಭವಿಷ್ಯ ನಿಜವಾಯಿತೇ ಅಂತ ನೋಡಲು ಈ ಮೂವರನ್ನು ಓದಬೇಡಿ. ಸರ್ವೆಗೆ ಹೋಗುವ ಮೊದಲು ಏನು ಕೇಳಬೇಕು ಅಂತ ತಿಳಿಯಲು ಓದಿ. ವೆಬರ್ ಹೇಳುವ ಅಧಿಕಾರಶಾಹಿಯಲ್ಲಿ ಕೆಳಗಿನ ಕಚೇರಿಯ ತೀರ್ಮಾನದ ವಿರುದ್ಧ ಮೇಲಿನ ಕಚೇರಿಗೆ ಹೋಗಲು ಒಂದು ದಾರಿ ಇದೆ. ಆ್ಯಪ್‌ನಲ್ಲಿ ಐಡಿ ಬ್ಲಾಕ್ ಆಗಿ ಕೆಲಸ ನಿಂತ ಡೆಲಿವರಿ ಕೆಲಸಗಾರರಿಗೆ ಆ ದಾರಿ ಎಲ್ಲಿದೆ ಅಂತ ಕೇಳಿ. 1893ರಲ್ಲೇ ಡರ್ಖೈಮ್, ಒಪ್ಪಂದ ನ್ಯಾಯವಾಗಿರಬೇಕಾದರೆ ಎರಡೂ ಕಡೆಯವರ ಸ್ಥಿತಿ ತೀರಾ ಅಸಮಾನವಾಗಿರಬಾರದು ಅಂದಿದ್ದರು. ಆ್ಯಪ್‌ನ ಷರತ್ತುಗಳಿಗೆ 'ಐ ಅಗ್ರೀ' ಒತ್ತುವವರಿಗೆ ಬೇರೆ ಆಯ್ಕೆ ಇತ್ತೇ ಅಂತಲೂ ಕೇಳಿ.

ಎಲ್ಲವೂ ಅವರಲ್ಲಿ ಸಿಗುವುದಿಲ್ಲ. ಮನೆಯೊಳಗಿನ ಸಂಬಳವಿಲ್ಲದ ದುಡಿಮೆಯ ಬಗ್ಗೆ ಮಾರ್ಕ್ಸ್ ಬರೆದದ್ದು ತೀರಾ ಕಡಿಮೆ. ಅದಕ್ಕೆ 1970ರ ದಶಕದ ಸ್ತ್ರೀವಾದಿಗಳನ್ನೇ ಓದಬೇಕು.

ಗೈಡು, ಸಾರಾಂಶ ಬೇಡ. ನಾನು ಅವುಗಳಿಂದಲೇ ಪಾಸಾಗುತ್ತಾ ಬಂದಿದ್ದೆ. ಪೀಸ್ ರೇಟ್ ಅಧ್ಯಾಯವನ್ನು ಮೊದಲು ಓದಿ. ಪಕ್ಕದಲ್ಲಿ ಯಾರಾದರೂ ಡೆಲಿವರಿ ಕೆಲಸಗಾರರ ಒಂದು ವಾರದ ಗಳಿಕೆಯ ಲೆಕ್ಕ ಇಟ್ಟುಕೊಳ್ಳಿ, ಅವರ ಒಪ್ಪಿಗೆ ಪಡೆದು.