ಮೊದಲ ಪಿಸ್ತೂಲು .22 ಏಕಾಗಬೇಕು?

ನಮಸ್ಕಾರ. ಟೆಕ್ಸಾಸ್‌ನಲ್ಲಿ ಗುರಿ ಅಭ್ಯಾಸಕ್ಕೆಂದು ಮೊದಲ ಪಿಸ್ತೂಲು ಕೊಳ್ಳುವವರು 9 ಮಿ.ಮೀ. ಗುಂಡಿನದನ್ನು ಬಿಟ್ಟು .22 (ಸುಮಾರು 0.22 ಇಂಚು ವ್ಯಾಸದ ಗುಂಡಿನದು) ಅನ್ನು ಏಕೆ ಆರಿಸಬೇಕೆಂದು ತಾವು ಕೇಳಿದ್ದೀರಿ. ಉದ್ದೇಶ ಅಭ್ಯಾಸವೇ ಆಗಿದ್ದರೆ .22 ಲಾಂಗ್ ರೈಫಲ್ ಗುಂಡಿನ ಪಿಸ್ತೂಲನ್ನೇ ಕೊಳ್ಳಿ ಎಂದು ಒತ್ತಿ ಹೇಳುತ್ತೇನೆ. ಇದರ ಹಿನ್ನೊದೆತ ತೀರಾ ಕಡಿಮೆಯಾದ್ದರಿಂದ, ಗುಂಡು ಹಾರುವ ಮೊದಲೇ ಬೆದರಿ ಮಣಿಕಟ್ಟನ್ನು ಬಿಗಿದು ನಳಿಗೆಯನ್ನು ಕೆಳಕ್ಕೆ ತಳ್ಳುವ ರೂಢಿ ಹೊಸಬರಿಗೆ ಸುಲಭವಾಗಿ ಅಂಟುವುದಿಲ್ಲ. ಒಮ್ಮೆ ಅಂಟಿದರೆ ಅದನ್ನು ಬಿಡಿಸುವುದು ಬಹಳ ಕಷ್ಟ. ಗುಂಡುಗಳು ಅಗ್ಗವಾದ್ದರಿಂದ ಅದೇ ಹಣದಲ್ಲಿ ಹೆಚ್ಚು ಅಭ್ಯಾಸವೂ ಆಗುತ್ತದೆ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ವಿಜಯ್ ಕುಮಾರ್ ಬೆಳ್ಳಿ ಗೆದ್ದ 25 ಮೀಟರ್ ರ‍್ಯಾಪಿಡ್ ಫೈರ್ ಸ್ಪರ್ಧೆಯಲ್ಲಿ ಬಳಕೆಯಾಗುವುದೂ ಇದೇ ಗುಂಡು.

ಆದರೆ ಆತ್ಮರಕ್ಷಣೆಗೆ ಇದನ್ನು ನೆಚ್ಚಿಕೊಳ್ಳಬೇಡಿ. ಗುಂಡಿನ ಶಕ್ತಿ ಕಡಿಮೆ; ಜೊತೆಗೆ, ಕಿಡಿ ಹೊತ್ತಿಸುವ ಮದ್ದು ಗುಂಡಿನ ಲೋಹದ ಕೋಶದ ತಳದ ಅಂಚಿನೊಳಗೆ ತೆಳುವಾಗಿ ಹರಡಿರುವುದರಿಂದ ಕೆಲವೊಮ್ಮೆ ಕುದುರೆ (ಟ್ರಿಗರ್) ಎಳೆದರೂ ಗುಂಡು ಸಿಡಿಯುವುದಿಲ್ಲ. ಹಾಗಾದಾಗ ನಳಿಗೆಯನ್ನು ಗುರಿಯತ್ತಲೇ ಹಿಡಿದು ಕನಿಷ್ಠ 30 ಸೆಕೆಂಡು ಕಾದು, ಆಮೇಲಷ್ಟೇ ಗುಂಡನ್ನು ಹೊರತೆಗೆಯಬೇಕು.

ಈ ಗುಂಡು ಮಸಿಯನ್ನು ಹೆಚ್ಚು ಬಿಡುವುದರಿಂದ, ಬಿಚ್ಚಿ ಒರೆಸಲು ಸುಲಭವಾದ ಪಿಸ್ತೂಲನ್ನೇ ನೋಡಿ. 2016ರಲ್ಲಿ ಬಂದ ರೂಗರ್ ಮಾರ್ಕ್ 4 ಹಿಂಬದಿಯ ಗುಂಡಿಯೊಂದನ್ನು ಒತ್ತಿದರೆ ಬಿಚ್ಚಿಕೊಳ್ಳುತ್ತದೆ. ಅದರ ಹಿಂದಿನ ಮಾದರಿಗಳನ್ನು ಮತ್ತೆ ಜೋಡಿಸುವುದು ತಾಳ್ಮೆಗೆಡಿಸುವ ಕೆಲಸ.

ತಾವು ಎಚ್-1ಬಿ ವೀಸಾದಲ್ಲಿದ್ದರೆ, ಬೇಟೆಯ ಪರವಾನಗಿಯಂಥ ಕೆಲವು ವಿನಾಯಿತಿಗಳನ್ನು ಬಿಟ್ಟು ಬಂದೂಕು ಹೊಂದುವುದನ್ನೇ ಅಮೆರಿಕದ ಕೇಂದ್ರ ಕಾನೂನು ನಿಷೇಧಿಸುತ್ತದೆ. ಅಂಗಡಿಗೆ ಹೋಗುವ ಮೊದಲು ದಯವಿಟ್ಟು ವಕೀಲರನ್ನು ಕೇಳಿ.